ಮೆದುಳಿನ ಜಮಾಖರ್ಚು



ಹೆರಿಗೆಯಾಗುವ ಹೊತ್ತಿನಲ್ಲಿ ಹೊರಗೆ ಕುಳಿತವರು ಕಿವಿಗೊಟ್ಟು ಕಾಯುವುದು ಒಂದೇ ಒಂದು ಸದ್ದಿಗೆ. ಅದು ಮಗುವಿನ ಅಳು. ಅಳು ಕೇಳಿತೆಂದರೆ ಎಲ್ಲರಿಗೂ ನೆಮ್ಮದಿ. ಕೇಳದಿದ್ದರೆ? ಹೊಕ್ಕುಳಬಳ್ಳಿ ಒತ್ತಿಹೋಗಿಯೋ, ಹೆರಿಗೆ ತೀರ ತಡವಾಗಿಯೋ ಮಗುವಿನ ಮೆದುಳಿಗೆ ಕೆಲವು ನಿಮಿಷಗಳ ಕಾಲ ಆಮ್ಲಜನಕ ಸಾಲದೆ ಹೋಗಿರಬಹುದು. ವೈದ್ಯರು ಓಡಿಬಂದು ಉಸಿರು ಹಿಡಿಸುತ್ತಾರೆ. ಹೃದಯದ ಬಡಿತ ಸರಿಹೋಗುತ್ತದೆ, ನೀಲಿಗಟ್ಟಿದ್ದ ಮೈ ಕೆಂಪಗಾಗುತ್ತದೆ. ಗಂಡಾಂತರ ಕಳೆಯಿತು ಎಂದುಕೊಳ್ಳುವಷ್ಟರಲ್ಲಿ, ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಆ ಮಗುವಿಗೆ ಸೆಳವು ಬರುತ್ತದೆ. ಮೂರನೆಯ ದಿನದ ಹೊತ್ತಿಗೆ ಮೆದುಳು ತೀವ್ರವಾಗಿ ಹಾನಿಗೊಂಡಿರುತ್ತದೆ.

ಇದೊಂದು ವಿಚಿತ್ರ ಸಂಗತಿ. ಉಸಿರು ಮರಳಿದೆ, ರಕ್ತದಲ್ಲಿ ಆಮ್ಲಜನಕ ಬೇಕಾದಷ್ಟಿದೆ. ಹಾಗಾದರೆ ಮೆದುಳು ಕೆಟ್ಟದ್ದು ಯಾವಾಗ? ಅಳದಿದ್ದ ಆ ಕೆಲವು ನಿಮಿಷಗಳಲ್ಲೋ, ಅಥವಾ ಎಲ್ಲವೂ ಸರಿಹೋದಂತೆ ಕಂಡ ನಂತರದ ಗಂಟೆಗಳಲ್ಲೋ? ಈ ಪ್ರಶ್ನೆಗೆ ಉತ್ತರ ಬಂದದ್ದು ಒಂದು ಬಲವಾದ ಕಾಂತದಿಂದ. ಆ ಉತ್ತರ ಹೇಗೆ ಬಂತು, ಅದರಿಂದ ಏನಾಯಿತು ಎಂಬುದನ್ನು ಇಂದು ನೋಡೋಣ.

ಮೊದಲು ಮೆದುಳಿನ ಹಸಿವಿನ ವಿಷಯ. ವಯಸ್ಕನ ಮೆದುಳಿನ ತೂಕ ಸುಮಾರು 1.4 ಕಿಲೋಗ್ರಾಂ. ಎಂದರೆ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ಸುಮ್ಮನೆ ಮಲಗಿದ್ದಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದಕ್ಕೇ ಬೇಕು. ಪರೀಕ್ಷೆಗೆ ಓದುವಾಗ ಇದು ಇನ್ನೂ ಬಹಳ ಏರುತ್ತದೆ ಎಂದು ನೀವು ಭಾವಿಸಿರಬಹುದು. ಅಮೆರಿಕದ ಲೂಯಿ ಸೊಕೊಲೋಫ್ ಮತ್ತು ಸಂಗಡಿಗರು 1955ರಲ್ಲಿ ಜನರಿಂದ ಬಾಯಿಲೆಕ್ಕ ಮಾಡಿಸಿ ಇದನ್ನು ಅಳೆದು ನೋಡಿದರು. ಇಡೀ ಮೆದುಳಿನ ಆಮ್ಲಜನಕದ ಬಳಕೆ ಹೆಚ್ಚಲೇ ಇಲ್ಲ! ಅಂದರೆ ನಾವು ಯೋಚಿಸಲಿ ಬಿಡಲಿ, ಈ ಒಲೆ ಸದಾ ಉರಿಯುತ್ತಲೇ ಇರುತ್ತದೆ. ನರಕೋಶಗಳ ಒಳಕ್ಕೆ ನುಗ್ಗುವ ಸೋಡಿಯಂ ಅಯಾನುಗಳನ್ನು ಹೊರಕ್ಕೆ ಹಾಕಿ ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೆ ತಂದುಕೊಳ್ಳುವ ಕೆಲಸಕ್ಕೇ ಈ ಶಕ್ತಿಯ ಬಹುಪಾಲು ವ್ಯಯವಾಗುತ್ತದೆ. ಈ ಪಂಪು ನಿಂತರೆ ಕೋಶ ನೀರು ತುಂಬಿ ಊದಿಕೊಳ್ಳುತ್ತದೆ.

ಜೀವಕೋಶದಲ್ಲಿ ಶಕ್ತಿಯ ವ್ಯವಹಾರ ನಡೆಯುವುದು ಎಟಿಪಿ, ಅಂದರೆ ಅಡೆನೋಸಿನ್ ಟ್ರೈಫಾಸ್ಫೇಟ್ ಎಂಬ ನಾಣ್ಯದಲ್ಲಿ ಎಂದು ನಿಮ್ಮ ಜೀವಶಾಸ್ತ್ರದ ಪುಸ್ತಕದಲ್ಲಿದೆ. ಅದರ ಜೊತೆಗೆ ಇನ್ನೊಂದು ಹೆಸರನ್ನು ನೆನಪಿಡಿ: ಫಾಸ್ಫೋಕ್ರಿಯಾಟಿನ್. ಒಂದು ಕಿರಾಣಿ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಗಲ್ಲಾಪೆಟ್ಟಿಗೆಯಲ್ಲಿರುವ ಚಿಲ್ಲರೆಯೇ ಎಟಿಪಿ. ಅದು ಕ್ಷಣಕ್ಷಣಕ್ಕೂ ಕೈ ಬದಲಾಗುತ್ತಿರುತ್ತದೆ. ಪೆಟ್ಟಿಗೆಯ ಅಡಿಯಲ್ಲಿ ಬಟ್ಟೆಗಂಟಿನಲ್ಲಿ ಕಟ್ಟಿಟ್ಟ ಹಣ ಫಾಸ್ಫೋಕ್ರಿಯಾಟಿನ್. ಚಿಲ್ಲರೆ ಕಡಿಮೆಯಾದಾಗ ಅಂಗಡಿಯವರು ಗಂಟಿಗೆ ಕೈಹಾಕಿ ಅದನ್ನು ತುಂಬಿಸುತ್ತಾರೆ. ಖರ್ಚಾದ ಎಟಿಪಿಯಿಂದ ಕಳಚಿದ ನಿರವಯವ ಫಾಸ್ಫೇಟು ಮಾತ್ರ ಖರ್ಚಿನ ಚೀಟಿಯಂತೆ ಉಳಿದುಕೊಳ್ಳುತ್ತದೆ. ಹೀಗಾಗಿ ಅಂಗಡಿ ಸಂಕಟದಲ್ಲಿದೆಯೇ ಎಂದು ತಿಳಿಯಲು ಚಿಲ್ಲರೆಯನ್ನು ಎಣಿಸಿದರೆ ಸಾಲದು. ಚಿಲ್ಲರೆ ಕೊನೆಯವರೆಗೂ ಇದ್ದಂತೆಯೇ ಕಾಣುತ್ತದೆ. ಗಂಟು ಕರಗುತ್ತಿದೆಯೇ, ಚೀಟಿಗಳ ರಾಶಿ ಬೆಳೆಯುತ್ತಿದೆಯೇ ಎಂದು ನೋಡಬೇಕು. ಈ ಎರಡರ ಪ್ರಮಾಣವನ್ನು, ಅಂದರೆ ಫಾಸ್ಫೋಕ್ರಿಯಾಟಿನ್‌ಗೂ ನಿರವಯವ ಫಾಸ್ಫೇಟಿಗೂ ಇರುವ ನಿಷ್ಪತ್ತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಆದರೆ ಮಗುವಿನ ತಲೆಬುರುಡೆಯೊಳಗಿನ ಈ ಗಲ್ಲಾಪೆಟ್ಟಿಗೆಯನ್ನು ತೆರೆಯುವುದು ಹೇಗೆ? ಮೆದುಳಿನ ಚೂರನ್ನು ಕತ್ತರಿಸಿ ನೋಡುವಂತಿಲ್ಲ. ನೋಡಿದರೂ ಕತ್ತರಿಸಿದ ಕೆಲವೇ ಸೆಕೆಂಡುಗಳಲ್ಲಿ ಅದರ ಎಟಿಪಿ ಹಾಳಾಗಿಹೋಗುತ್ತದೆ. ರಕ್ತಪರೀಕ್ಷೆ ಮೆದುಳಿಗೆ ಹೋದದ್ದೇನು, ಬಂದದ್ದೇನು ಎಂಬುದನ್ನಷ್ಟೇ ಹೇಳೀತು. ಎಕ್ಸ್-ಕಿರಣಕ್ಕೆ ಎಟಿಪಿಯ ಗುರುತೇ ಇಲ್ಲ. ಇಲ್ಲಿಯೇ ಕಾಂತ ಅನುರಣನ ನಮ್ಮ ನೆರವಿಗೆ ಬರುವುದು.

ಜಲಜನಕದ ನ್ಯೂಕ್ಲಿಯಸ್ಸಾದ ಪ್ರೋಟಾನು ಒಂದು ಪುಟ್ಟ ಕಾಂತದಂತೆ ವರ್ತಿಸುತ್ತದೆ. ಅದನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟರೆ ಅದು ಆಡಿಸಿಬಿಟ್ಟ ಬುಗುರಿಯಂತೆ ತಲೆದೂಗುತ್ತಾ ಸುತ್ತುತ್ತದೆ. ಸೆಕೆಂಡಿಗೆ ಎಷ್ಟು ಸುತ್ತು ಎಂಬುದು ಕ್ಷೇತ್ರದ ಬಲವನ್ನು ಅವಲಂಬಿಸಿದೆ. 1 ಟೆಸ್ಲಾ ಕ್ಷೇತ್ರದಲ್ಲಿ ಸುಮಾರು 4 ಕೋಟಿ 26 ಲಕ್ಷ ಸುತ್ತುಗಳು. ಈಗಿನ ದೊಡ್ಡ ಆಸ್ಪತ್ರೆಗಳಲ್ಲಿರುವ 3 ಟೆಸ್ಲಾ ಯಂತ್ರದಲ್ಲಿ 12 ಕೋಟಿ 77 ಲಕ್ಷ. ಭೂಮಿಯ ಕಾಂತಕ್ಷೇತ್ರ ನಮ್ಮ ಕಡೆ ಸುಮಾರು 0.00004 ಟೆಸ್ಲಾ ಅಷ್ಟೇ ಎಂದರೆ ಆ ಯಂತ್ರದ ಬಲ ಎಷ್ಟೆಂದು ಅಂದಾಜಾದೀತು. ಕಬ್ಬಿಣದ ಕುರ್ಚಿಯನ್ನೋ ಆಮ್ಲಜನಕದ ಸಿಲಿಂಡರನ್ನೋ ಆ ಕೋಣೆಯೊಳಕ್ಕೆ ಒಯ್ದರೆ ಅದು ಹಾರಿಹೋಗಿ ಅಪ್ಪಳಿಸುತ್ತದೆ. ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನ ದ್ರವ ಹೀಲಿಯಂನಲ್ಲಿ ತಣ್ಣಗಾದ ಅತಿವಾಹಕ ತಂತಿಸುರುಳಿಯಿಂದ ಇಂಥ ಕ್ಷೇತ್ರ ಹುಟ್ಟುತ್ತದೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಸೋನೋಮೀಟರ್ ಪ್ರಯೋಗ ಮಾಡಿದವರಿಗೆ ಮುಂದಿನದು ಸುಲಭ. ತಂತಿಯ ಮೇಲೆ ಸಣ್ಣ ಕಾಗದದ ಚೂರನ್ನು ಕೂರಿಸಿ, ಶ್ರುತಿಕವೆಯನ್ನು ಮಿಡಿದು ಪೆಟ್ಟಿಗೆಯ ಮೇಲಿಡುತ್ತೀರಿ. ಎರಡರ ಶ್ರುತಿ ಒಂದಾದಾಗ ಮಾತ್ರ ಕಾಗದ ಚಿಮ್ಮಿ ಬೀಳುತ್ತದೆ. ಇದೇ ಅನುರಣನ. ಪ್ರೋಟಾನಿನ ಸುತ್ತಿಗೆ ಸರಿಹೊಂದುವ ರೇಡಿಯೊ ಅಲೆಯನ್ನು ಕಳಿಸಿದರೆ ಪ್ರೋಟಾನುಗಳು ಅದನ್ನು ಹೀರಿ ಓಲಾಡುತ್ತವೆ. ಅಲೆಯನ್ನು ನಿಲ್ಲಿಸಿದ ಮೇಲೆ ತಾವೇ ಸಣ್ಣ ರೇಡಿಯೊ ಕೇಂದ್ರಗಳಂತೆ ಅದೇ ಆವೃತ್ತಿಯ ಸಂಕೇತವನ್ನು ಹೊರಸೂಸುತ್ತವೆ. 3 ಟೆಸ್ಲಾ ಯಂತ್ರದ ಆವೃತ್ತಿ 128 ಮೆಗಾಹರ್ಟ್ಸ್ ಸಮೀಪದ್ದು. ನಮ್ಮ ಎಫ್‌ಎಂ ರೇಡಿಯೊ 88ರಿಂದ 108ರವರೆಗೆ. ಹೊರಗಿನ ಪ್ರಸಾರಗಳು ಈ ಕ್ಷೀಣ ಸಂಕೇತವನ್ನು ಮುಚ್ಚಿಹಾಕದಂತೆ ಯಂತ್ರದ ಕೋಣೆಯ ಗೋಡೆಗಳಿಗೆಲ್ಲ ಲೋಹದ ಹೊದಿಕೆ ಹಾಕಿರುತ್ತಾರೆ.

ದ್ರವ ಮತ್ತು ಘನವಸ್ತುಗಳಲ್ಲಿ ಈ ಅನುರಣನವನ್ನು ಫೆಲಿಕ್ಸ್ ಬ್ಲಾಖ್ ಮತ್ತು ಎಡ್ವರ್ಡ್ ಪರ್ಸೆಲ್ ಅವರ ತಂಡಗಳು ಬೇರೆ ಬೇರೆಯಾಗಿ ಕಂಡುಕೊಂಡು 1946ರಲ್ಲಿ ಪ್ರಕಟಿಸಿದವು. 1952ರ ನೊಬೆಲ್ ಪಾರಿತೋಷಕ ಇಬ್ಬರಿಗೂ ಬಂತು. ಆದರೆ ನಮ್ಮ ಕಥೆಗೆ ಬೇಕಾದ ಮುಖ್ಯ ತಿರುವು ಬಂದದ್ದು ಸ್ವಲ್ಪ ಅನಂತರ. ಒಂದೇ ಕ್ಷೇತ್ರದಲ್ಲಿರುವ ಪ್ರೋಟಾನುಗಳೆಲ್ಲ ಕರಾರುವಾಕ್ಕಾಗಿ ಒಂದೇ ಆವೃತ್ತಿಯಲ್ಲಿ ಸುತ್ತಬೇಕೆಂದು ಭೌತವಿಜ್ಞಾನಿಗಳು ಎಣಿಸಿದ್ದರು. ಹಾಗಾಗಲಿಲ್ಲ. 1951ರಲ್ಲಿ ಸ್ಟಾನ್‌ಫರ್ಡ್‌ನಲ್ಲಿ ಜೇಮ್ಸ್ ಆರ್ನಾಲ್ಡ್, ಎಸ್. ಎಸ್. ಧರ್ಮಟ್ಟಿ ಮತ್ತು ಮಾರ್ಟಿನ್ ಪ್ಯಾಕರ್ಡ್ ಈಥೈಲ್ ಆಲ್ಕೊಹಾಲನ್ನು ಪರೀಕ್ಷಿಸಿದಾಗ ಒಂದರ ಬದಲು ಮೂರು ಶಿಖರಗಳು ಕಂಡವು. ಅವುಗಳ ಗಾತ್ರ 3, 2, 1ರ ಪ್ರಮಾಣದಲ್ಲಿತ್ತು. ಆಲ್ಕೊಹಾಲಿನ ಸೂತ್ರವನ್ನು ಬರೆದು ನೋಡಿ. ಒಂದು ಇಂಗಾಲಕ್ಕೆ ಅಂಟಿದ ಮೂರು ಜಲಜನಕ, ಇನ್ನೊಂದಕ್ಕೆ ಅಂಟಿದ ಎರಡು, ಆಮ್ಲಜನಕಕ್ಕೆ ಅಂಟಿದ ಒಂದು! ಪ್ರತಿ ನ್ಯೂಕ್ಲಿಯಸ್ಸಿನ ಸುತ್ತಲೂ ಇರುವ ಎಲೆಕ್ಟ್ರಾನುಗಳು ಕೊಡೆ ಹಿಡಿದಂತೆ ಕಾಂತಕ್ಷೇತ್ರವನ್ನು ತುಸು ತಡೆಯುತ್ತವೆ. ಕೊಡೆ ದಪ್ಪವೋ ತೆಳುವೋ ಎಂಬುದು ಪಕ್ಕದ ಪರಮಾಣುಗಳ ಮೇಲೆ ನಿಂತಿದೆ. ಹೀಗೆ ಆವೃತ್ತಿಯಲ್ಲಾಗುವ ಅತಿ ಸಣ್ಣ ವ್ಯತ್ಯಾಸವೇ ಅಣುವಿನ ವಿಳಾಸ. ಈ ತಂಡದಲ್ಲಿದ್ದ ಧರ್ಮಟ್ಟಿಯವರು ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ವಿದ್ಯೆಗೆ ಅಡಿಪಾಯ ಹಾಕಿದರು. ಅದೇ 1951ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ಈ ಅನುರಣನ ಹೇಗೆ ಬದಲಾಗುತ್ತದೆಂದು ಅಳೆದು ಪ್ರಕಟಿಸಿದ್ದರು. ಈಗ ಎಂಆರ್‌ಐ ಯಂತ್ರದಲ್ಲಿ ರಕ್ತದ ಹರಿವನ್ನು ನೋಡುವವರು ನೆನೆಯಬೇಕಾದ ಹೆಸರು ಅದು. ನಮ್ಮಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಎಂಆರ್‌ಐ ಎಂದೆ. ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರ ನೊಬೆಲ್ ತಂದುಕೊಟ್ಟ ಈ ಚಿತ್ರಣ ವಿಧಾನ ಇಂದು ಜಿಲ್ಲಾ ಕೇಂದ್ರಗಳಿಗೂ ಬಂದಿದೆ. ಅದರಲ್ಲಿ ಕಾಣುವುದು ಮುಖ್ಯವಾಗಿ ನೀರು ಮತ್ತು ಕೊಬ್ಬಿನ ಜಲಜನಕ. ಅದು ಮೆದುಳಿನ ಆಕಾರವನ್ನು ತೋರಿಸುತ್ತದೆ. ನಾನು ಹೇಳುತ್ತಿರುವುದು ಅದೇ ಕಾಂತದಿಂದ ದೊರೆಯುವ ಇನ್ನೊಂದು ಬಗೆಯ ಮಾಹಿತಿ. ಇದರಲ್ಲಿ ಚಿತ್ರವಿಲ್ಲ, ಏರಿಳಿಯುವ ಒಂದು ಗೆರೆ ಇದೆ. ಅದಕ್ಕೆ ರೋಹಿತ ಎನ್ನುತ್ತಾರೆ. ಮನೆಯ ನಕ್ಷೆಗೂ ಮನೆಯ ಲೆಕ್ಕದ ಪುಸ್ತಕಕ್ಕೂ ಇರುವ ವ್ಯತ್ಯಾಸವೇ ಇವೆರಡರ ನಡುವೆ ಇರುವುದು.

ಈಗ ಮಗುವಿನ ಬಳಿಗೆ ಹೋಗೋಣ. ಪ್ರಕೃತಿ ಇಲ್ಲಿ ನಮಗೊಂದು ಉಪಕಾರ ಮಾಡಿದೆ. ಸಾಮಾನ್ಯ ಇಂಗಾಲ ಮತ್ತು ಸಾಮಾನ್ಯ ಆಮ್ಲಜನಕದ ನ್ಯೂಕ್ಲಿಯಸ್ಸುಗಳಿಗೆ ಈ ಕಾಂತಗುಣ ಇಲ್ಲ. ಆದರೆ ರಂಜಕಕ್ಕೆ ಇದೆ. ನಿಸರ್ಗದಲ್ಲಿ ದೊರೆಯುವ ರಂಜಕವೆಲ್ಲ ರಂಜಕ-31 ಎಂಬ ಒಂದೇ ಬಗೆಯದು. ಎಟಿಪಿಯಲ್ಲಿ ಮೂರು ರಂಜಕಗಳಿವೆ, ಫಾಸ್ಫೋಕ್ರಿಯಾಟಿನ್‌ನಲ್ಲಿ ಒಂದು, ನಿರವಯವ ಫಾಸ್ಫೇಟಿನಲ್ಲಿ ಒಂದು. ರಂಜಕದ ಆವೃತ್ತಿಗೆ ಯಂತ್ರವನ್ನು ಶ್ರುತಿ ಮಾಡಿದರೆ ನಮ್ಮ ಗಲ್ಲಾಪೆಟ್ಟಿಗೆಯ ಚಿಲ್ಲರೆ, ಗಂಟು, ಚೀಟಿ ಮೂರೂ ಬೇರೆ ಬೇರೆ ಶಿಖರಗಳಾಗಿ ಒಂದೇ ಗೆರೆಯಲ್ಲಿ ಕಾಣುತ್ತವೆ. ನಿರವಯವ ಫಾಸ್ಫೇಟಿನ ಶಿಖರ ಎಷ್ಟು ಸರಿದಿದೆ ಎಂಬುದರಿಂದ ಕೋಶದೊಳಗಿನ ಆಮ್ಲೀಯತೆಯೂ ತಿಳಿಯುತ್ತದೆ. ಆಕ್ಸ್‌ಫರ್ಡ್‌ನಲ್ಲಿ ಜಾರ್ಜ್ ರಾಡ್ಡ ಮತ್ತು ಸಂಗಡಿಗರು 1970ರ ದಶಕದಲ್ಲಿ ಇಲಿಯ ಸ್ನಾಯುವಿನಲ್ಲಿ ಇದನ್ನು ಸಾಧಿಸಿ ತೋರಿಸಿದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಶಿಶುವೈದ್ಯ ಆಸ್ಮಂಡ್ ರೆನಾಲ್ಡ್ಸ್ ಅವರ ತಂಡ ಇದನ್ನು ನವಜಾತ ಶಿಶುಗಳಿಗೆ ಅನ್ವಯಿಸಿತು. ಅರ್ನೆಸ್ಟ್ ಕೇಡಿ, ಡೇವಿಡ್ ಡೆಲ್ಪಿ ಮುಂತಾದ ಭೌತವಿಜ್ಞಾನಿಗಳೂ ಆ ತಂಡದಲ್ಲಿದ್ದರು. 1983ರಲ್ಲಿ ಅವರ ಮೊದಲ ವರದಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು.

ಉಸಿರುಗಟ್ಟಿ ಹುಟ್ಟಿದ ಶಿಶುಗಳನ್ನು ಕಾಂತದೊಳಗಿಟ್ಟು ದಿನದಿಂದ ದಿನಕ್ಕೆ ಮತ್ತೆ ಮತ್ತೆ ಗೆರೆ ತೆಗೆದರು. ಈ ವಿಧಾನದಲ್ಲಿ ಎಕ್ಸ್-ಕಿರಣವಿಲ್ಲ, ವಿಕಿರಣಶೀಲ ವಸ್ತುವಿಲ್ಲ, ಸೂಜಿಯಿಲ್ಲ. ಆದ್ದರಿಂದಲೇ ಪದೇಪದೇ ನೋಡುವುದು ಸಾಧ್ಯವಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ಕೂಡಿಬಂದ ಗೆರೆಗಳು ಹೇಳಿದ್ದು ಅಚ್ಚರಿಯ ಮಾತು. ಹುಟ್ಟಿದ ಮೊದಲ ಗಂಟೆಗಳಲ್ಲಿ ಬಹಳಷ್ಟು ಶಿಶುಗಳ ಗೆರೆ ಸರಿಯಾಗಿಯೇ ಇತ್ತು. ಗಂಟು ತುಂಬಿತ್ತು, ಚೀಟಿ ಕಡಿಮೆಯಿತ್ತು. ಉಸಿರುಗಟ್ಟಿದಾಗ ಖಾಲಿಯಾದದ್ದು ಉಸಿರು ಮರಳಿದಾಗ ತುಂಬಿಕೊಂಡಿತ್ತು. ಆಮೇಲೆ 24ರಿಂದ 72 ಗಂಟೆಗಳ ಅವಧಿಯಲ್ಲಿ, ಆಮ್ಲಜನಕವೂ ರಕ್ತದೊತ್ತಡವೂ ಸರಿಯಾಗಿದ್ದಾಗಲೇ ಫಾಸ್ಫೋಕ್ರಿಯಾಟಿನ್ ಕುಗ್ಗತೊಡಗಿತು, ನಿರವಯವ ಫಾಸ್ಫೇಟು ಏರತೊಡಗಿತು. ಕುಸಿತ ಎಷ್ಟು ಆಳವೋ ಮಗುವಿನ ಮುಂದಿನ ಸ್ಥಿತಿ ಅಷ್ಟು ಕಠಿಣ. ಎಟಿಪಿಯೂ ಕುಸಿದ ಶಿಶುಗಳು ಹೆಚ್ಚಾಗಿ ಉಳಿಯಲಿಲ್ಲ. ವಿಜ್ಞಾನಿಗಳು ಇದನ್ನು ಎರಡನೆಯ ಶಕ್ತಿ ಕುಸಿತ ಎಂದು ಕರೆದರು. ಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳೇ ನಿಧಾನವಾಗಿ ಕೈಬಿಡುತ್ತವೆ. ಸರಬರಾಜು ಸರಿಯಿದ್ದರೂ ಒಲೆ ಉರಿಯುವುದಿಲ್ಲ.

ನಾವು ಮೊದಲಿಗೆ ಕೇಳಿದ ಪ್ರಶ್ನೆಗೆ ಉತ್ತರ ಇದೇ. ಮೆದುಳಿನ ಹಾನಿಯ ದೊಡ್ಡ ಪಾಲು ಆಗುವುದು ಆ ಕೆಲವು ನಿಮಿಷಗಳಲ್ಲಿ ಅಲ್ಲ, ಅನಂತರ. ಈ ಉತ್ತರ ಕೇವಲ ಜ್ಞಾನವಾಗಿ ಉಳಿಯಲಿಲ್ಲ ಎನ್ನುವುದು ನನ್ನ ಮಟ್ಟಿಗೆ ಈ ವಿಷಯದ ಅತಿ ಮುಖ್ಯ ಅಂಶ. ಎರಡು ಕುಸಿತಗಳ ನಡುವೆ ಕೆಲವು ಗಂಟೆಗಳ ಬಿಡುವು ಇದೆಯೆಂದರೆ ಆ ಬಿಡುವಿನಲ್ಲಿ ಏನಾದರೂ ಮಾಡಲು ಸಾಧ್ಯ ಎಂದಾಯಿತು. ಅದುವರೆಗೆ ಕೈಚೆಲ್ಲಿ ಕುಳಿತಿದ್ದ ವೈದ್ಯರಿಗೆ ಒಂದು ದಾರಿ ಕಂಡಿತು. ಅದೇ ಲಂಡನ್ ತಂಡದವರು 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಗತಾನೇ ಹುಟ್ಟಿದ ಹಂದಿಮರಿಗಳ ಮೈಯನ್ನು ಪುನಶ್ಚೇತನದ ನಂತರ 12 ಗಂಟೆ ಕಾಲ 35 ಡಿಗ್ರಿಗೆ ತಂಪಾಗಿಸಿದಾಗ ಎರಡನೆಯ ಕುಸಿತ ಬಹಳ ಮಟ್ಟಿಗೆ ತಗ್ಗಿತು. ರಂಜಕದ ಗೆರೆಯೇ ಅದಕ್ಕೆ ಸಾಕ್ಷಿ. ಆಮೇಲೆ ಶಿಶುಗಳಲ್ಲಿ ದೊಡ್ಡ ಪರೀಕ್ಷೆಗಳು ನಡೆದವು. ಹುಟ್ಟಿದ 6 ಗಂಟೆಗಳೊಳಗೆ ಆರಂಭಿಸಿ, ದೇಹದ ಉಷ್ಣತೆಯನ್ನು 33.5 ಡಿಗ್ರಿಯ ಆಸುಪಾಸಿಗೆ ಇಳಿಸಿ, 72 ಗಂಟೆ ಹಾಗೆಯೇ ಕಾಯ್ದುಕೊಂಡು, ಮೆಲ್ಲಗೆ ಮತ್ತೆ ಬೆಚ್ಚಗೆ ಮಾಡುವ ಚಿಕಿತ್ಸೆ ಅದು. 2013ರ ಹೊತ್ತಿಗೆ ಇಂಥ 11 ಪರೀಕ್ಷೆಗಳನ್ನು ಒಟ್ಟು ಮಾಡಿ ನೋಡಿದಾಗ, ಹೀಗೆ ತಂಪಾಗಿಸಿದ ಪ್ರತಿ ಏಳು ಶಿಶುಗಳಲ್ಲಿ ಒಂದು ಸಾವಿನಿಂದಲೋ ತೀವ್ರ ಅಂಗವೈಕಲ್ಯದಿಂದಲೋ ಪಾರಾಗುತ್ತದೆ ಎಂದು ಲೆಕ್ಕ ಸಿಕ್ಕಿತು. ಇಲ್ಲೊಂದು ಮಾತು ಸ್ಪಷ್ಟವಾಗಿರಲಿ. ಇದು ತಜ್ಞರ ಕಣ್ಗಾವಲಿನಲ್ಲಿ, ತೀವ್ರ ನಿಗಾ ಘಟಕದಲ್ಲಿ ಮಾತ್ರ ಮಾಡುವ ಕೆಲಸ. ಮನೆಯಲ್ಲಿ ಹಸುಗೂಸನ್ನು ಬೆಚ್ಚಗಿಡಬೇಕು ಎನ್ನುವ ಅಜ್ಜಿಯ ಮಾತು ಸರಿಯಾದ ಮಾತೇ.

ಹಾಗಾದರೆ ನಮ್ಮ ದೇಶದಲ್ಲೂ ಇದೇ ಚಿಕಿತ್ಸೆ ಕೊಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಕೊಟ್ಟು ನೋಡಿದರು. ಭಾರತ, ಶ್ರೀಲಂಕಾ ಮತ್ತು ಬಾಂಗ್ಲಾದೇಶಗಳ ಏಳು ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ನಡೆದ 'ಹೀಲಿಕ್ಸ್' ಎಂಬ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು. ತಂಪಾಗಿಸಿದ ಶಿಶುಗಳಲ್ಲಿ ನೂರಕ್ಕೆ 42 ಸತ್ತವು. ತಂಪಾಗಿಸದೆ ಉಳಿದೆಲ್ಲ ಆರೈಕೆ ಕೊಟ್ಟವುಗಳಲ್ಲಿ ನೂರಕ್ಕೆ 31. ಅಂದರೆ ಉಪಕಾರವಾಗಲಿಲ್ಲ, ಅಪಕಾರವೇ ಆಯಿತು. ಲಂಡನ್ನಿನ ಶಿಶುಗಳಲ್ಲಿ ಕಂಡ ಗಡಿಯಾರ ಇಲ್ಲಿ ಬೇರೆ ರೀತಿ ನಡೆಯುತ್ತಿದೆಯೇ? ಇಲ್ಲಿನ ಅನೇಕ ಶಿಶುಗಳಲ್ಲಿ ತೊಂದರೆ ಹೆರಿಗೆಯ ಕೊನೆಯ ಗಳಿಗೆಯಲ್ಲಿ ಒಮ್ಮೆಲೇ ಆಗದೆ, ಗರ್ಭದಲ್ಲಿದ್ದಾಗಲೇ ಬಹಳ ಹೊತ್ತಿನಿಂದ ಸಣ್ಣಗೆ ನಡೆದಿರಬಹುದು, ಹುಟ್ಟುವ ಹೊತ್ತಿಗೆ ಆ ಅಮೂಲ್ಯ ಬಿಡುವು ಮುಗಿದೇ ಹೋಗಿರಬಹುದು ಎಂಬುದು ತಜ್ಞರ ಒಂದು ಊಹೆ. ಒಂದು ಊರಿನ ಶಿಶುಗಳಲ್ಲಿ ಎಳೆದ ಗೆರೆಯನ್ನು ಇನ್ನೊಂದು ಊರಿನ ಶಿಶುಗಳಿಗೆ ಹಾಗೆಯೇ ಹೊಂದಿಸಲಾಗದು. ಇಲ್ಲಿಯ ಗೆರೆಯನ್ನು ಇಲ್ಲಿಯೇ ಎಳೆಯಬೇಕು. ಆ ಕೆಲಸ ಇನ್ನೂ ಬಹಳ ಬಾಕಿಯಿದೆ.

ರಂಜಕದ ಗೆರೆ ತೆಗೆಯಲು ಬೇರೆಯೇ ತಂತಿಸುರುಳಿ, ಬೇರೆಯೇ ವರ್ಧಕ ಬೇಕು. ಬಹುತೇಕ ಆಸ್ಪತ್ರೆಗಳ ಯಂತ್ರಗಳಲ್ಲಿ ಅವು ಇರುವುದಿಲ್ಲ. ಜಲಜನಕದ ಗೆರೆಯನ್ನಾದರೆ ಚಿತ್ರ ತೆಗೆಯುವ ಯಂತ್ರದಲ್ಲೇ ತೆಗೆಯಬಹುದು. ಈಗ ನಿಮ್ಮ ನೋಟ್ ಪುಸ್ತಕ ತೆಗೆದುಕೊಳ್ಳಿ. ಒಂದು ಅಡ್ಡಗೆರೆ ಎಳೆಯಿರಿ. ಬಲತುದಿಯಲ್ಲಿ 0, ಎಡತುದಿಯಲ್ಲಿ 5 ಎಂದು ಬರೆಯಿರಿ. ಬಲದಿಂದ ಎಡಕ್ಕೆ ಎಣಿಸುವುದು ಈ ವಿದ್ಯೆಯವರ ಹಳೆಯ ರೂಢಿ. ಒಂದೊಂದು ಅಂಕೆಯೂ ಆವೃತ್ತಿಯಲ್ಲಿ ಹತ್ತು ಲಕ್ಷದಲ್ಲೊಂದು ಪಾಲಿನ ವ್ಯತ್ಯಾಸ. 2.0ರಲ್ಲಿ ಎಲ್ಲಕ್ಕಿಂತ ಎತ್ತರದ ಒಂದು ಶಿಖರ ಬರೆಯಿರಿ. ಅದು ಎನ್-ಅಸಿಟೈಲ್ ಆಸ್ಪರ್ಟೇಟ್, ಮುಖ್ಯವಾಗಿ ನರಕೋಶಗಳಲ್ಲೇ ಇರುವ ವಸ್ತು. 3.0ರಲ್ಲಿ ಅದಕ್ಕಿಂತ ಗಿಡ್ಡನೆಯದು ಕ್ರಿಯಾಟಿನ್. ಅದರ ಪಕ್ಕದಲ್ಲೇ 3.2ರಲ್ಲಿ ಕೋಶಪೊರೆಗೆ ಸಂಬಂಧಿಸಿದ ಕೋಲೀನ್ ಸಂಯುಕ್ತಗಳು. 1.3ರ ಬಳಿ ಖಾಲಿ ಬಿಡಿ. ಆರೋಗ್ಯವಂತರಲ್ಲಿ ಅಲ್ಲಿ ಹೆಚ್ಚೇನೂ ಕಾಣುವುದಿಲ್ಲ. ಆಮ್ಲಜನಕ ಸಾಲದೆ ಗ್ಲೂಕೋಸ್ ಅರೆಬರೆ ಉರಿದಾಗ ಅಲ್ಲಿ ಲ್ಯಾಕ್ಟೇಟಿನ ಅವಳಿ ಶಿಖರ ಏಳುತ್ತದೆ. ನೀವು ಬರೆದ ಈ ಚಿತ್ರ ಆರೋಗ್ಯವಂತ ವಯಸ್ಕನದು. ನವಜಾತ ಶಿಶುವಿನಲ್ಲಿ ಮೊದಲ ಶಿಖರ ಇನ್ನೂ ಗಿಡ್ಡ, ಕೋಲೀನಿನದೇ ಎತ್ತರ. ಮಗು ಬೆಳೆದಂತೆ ಎರಡೂ ಅದಲುಬದಲಾಗುತ್ತವೆ. ಬ್ರಿಟನ್ ಮತ್ತು ಅಮೆರಿಕದ ಎಂಟು ಕೇಂದ್ರಗಳಲ್ಲಿ, ತಂಪು ಚಿಕಿತ್ಸೆ ಪಡೆದ 223 ಶಿಶುಗಳನ್ನು ಪರೀಕ್ಷಿಸಿದ ವರದಿ 2019ರಲ್ಲಿ ಬಂತು. ಮೆದುಳಿನ ಥಲಾಮಸ್ ಭಾಗದಲ್ಲಿ ಆ ಮೊದಲ ಶಿಖರದ ವಸ್ತು ಎಷ್ಟಿದೆ ಎಂಬುದು, ಸುಮಾರು ಎರಡು ವರ್ಷದ ಹೊತ್ತಿಗೆ ಮಗುವಿನ ಬೆಳವಣಿಗೆ ಹೇಗಿರುತ್ತದೆ ಎಂಬುದನ್ನು ಅತ್ಯಂತ ನಿಖರವಾಗಿ ಮುಂಚಿತವಾಗಿ ತಿಳಿಸಿತು.

ಬರೆದಷ್ಟು ಸುಲಭವಾಗಿ ಈ ಗೆರೆ ಸಿಗುವುದಿಲ್ಲ. 4.7ರಲ್ಲಿ ನೀರಿನ ಶಿಖರವಿದೆ. ಅದನ್ನು ಬರೆಯಲು ಹೇಳಲಿಲ್ಲ, ಏಕೆಂದರೆ ಕ್ರಿಯಾಟಿನ್ ಶಿಖರವನ್ನು ಒಂದು ಸೆಂಟಿಮೀಟರ್ ಬರೆದರೆ ನೀರಿನ ಶಿಖರ ನಿಮ್ಮ ಮನೆಯ ಮಾಳಿಗೆಯನ್ನು ದಾಟಿ ಎಷ್ಟೋ ಮೇಲಕ್ಕೆ ಹೋಗುತ್ತದೆ. ನೀರಿನ ಪ್ರೋಟಾನುಗಳು ಈ ವಸ್ತುಗಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಅವುಗಳ ಗದ್ದಲವನ್ನು ಮೊದಲು ಅಡಗಿಸಬೇಕು. ಜೊತೆಗೆ ಸಂಕೇತವೇ ಬಹಳ ಕ್ಷೀಣ. 3 ಟೆಸ್ಲಾದಂಥ ಬಲವಾದ ಕ್ಷೇತ್ರದಲ್ಲೂ ಹತ್ತು ಲಕ್ಷ ಪ್ರೋಟಾನುಗಳಲ್ಲಿ ಸುಮಾರು ಹತ್ತರಷ್ಟು ಮಾತ್ರ ಒಂದು ದಿಕ್ಕಿಗೆ ಹೆಚ್ಚಾಗಿ ನಿಂತು ನಮ್ಮ ಲೆಕ್ಕಕ್ಕೆ ಸಿಗುತ್ತವೆ. ಉಳಿದವು ಪರಸ್ಪರ ಹೊಡೆದುಹೋಗುತ್ತವೆ. ಕ್ರಿಯಾಟಿನ್ ಮತ್ತು ಕೋಲೀನ್ ಶಿಖರಗಳ ನಡುವಿನ ಅಂತರ 12 ಕೋಟಿ 77 ಲಕ್ಷದಲ್ಲಿ ಬರೀ 25 ಕಂಪನ. ಕಾಂತಕ್ಷೇತ್ರ ಅಷ್ಟು ಸಮನಾಗಿರಬೇಕು, ರೋಗಿ ಅಷ್ಟು ಅಲುಗಾಡದೆ ಮಲಗಿರಬೇಕು. ಆದ್ದರಿಂದ ಎಂಆರ್‌ಐ ಚಿತ್ರ ಒಂದು ಮಿಲಿಮೀಟರ್ ವಿವರವನ್ನು ತೋರಿಸಿದರೆ, ರೋಹಿತ ತೆಗೆಯಲು ಹಲವೊಮ್ಮೆ ಎರಡು ಸೆಂಟಿಮೀಟರ್ ಉದ್ದಗಲ ಎತ್ತರದ ತುಂಡು ಬೇಕಾಗುತ್ತದೆ, ಐದಾರು ನಿಮಿಷ ಬೇಕಾಗುತ್ತದೆ. ಗ್ಲುಟಮೇಟ್, ಗ್ಲುಟಮಿನ್‌ಗಳಂಥ ಶಿಖರಗಳು ಒಂದರ ಮೇಲೊಂದು ಬಿದ್ದು ಗೊಂದಲ ಮಾಡುತ್ತವೆ. 7 ಟೆಸ್ಲಾ ಯಂತ್ರಗಳಲ್ಲಿ ಇದು ಎಷ್ಟೋ ಸರಿಹೋಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಜಲಜನಕ ಮತ್ತು ರಂಜಕ ಎರಡರ ಗೆರೆಗಳನ್ನೂ ತೆಗೆದು, ಮೆದುಳಿನಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯ ರೋಗಿಗಳನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ್ದಾರೆ.

ಕೊನೆಯದಾಗಿ, ನೀವು ಬರೆದ ಚಿತ್ರದಲ್ಲಿ 3.0ರ ಶಿಖರವನ್ನು ಅಳಿಸಿಬಿಡಿ. 1994ರಲ್ಲಿ ಜರ್ಮನಿಯ ಗಟಿಂಗನ್ನಿನ ವೈದ್ಯರು ವರದಿ ಮಾಡಿದ ಗೆರೆ ಹಾಗಿತ್ತು. ಅದು 22 ತಿಂಗಳ ಒಬ್ಬ ಗಂಡುಮಗುವಿನದು. ಅವನ ಬೆಳವಣಿಗೆ ಹಿಂದೆ ಬಿದ್ದಿತ್ತು, ಕೈಕಾಲುಗಳ ಚಲನೆ ಹತೋಟಿಯಲ್ಲಿರಲಿಲ್ಲ. ಎಂಆರ್‌ಐ ಚಿತ್ರದಲ್ಲಿ ಮೆದುಳಿನ ಒಳಭಾಗದ ಎರಡು ಕಡೆ ಏನೋ ಬದಲಾವಣೆ ಕಂಡಿತ್ತು, ಆದರೆ ಕಾರಣ ಅದರಿಂದ ತಿಳಿಯಲಿಲ್ಲ. ಗೆರೆಯಲ್ಲಿ ಕ್ರಿಯಾಟಿನ್ ಶಿಖರವೇ ಇರಲಿಲ್ಲ. ಇದು ಎಷ್ಟು ಅನಿರೀಕ್ಷಿತ ಎಂದರೆ, ಕ್ರಿಯಾಟಿನ್ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆಂದು ನಂಬಿ ಉಳಿದ ಶಿಖರಗಳನ್ನೆಲ್ಲ ಅದರಿಂದ ಭಾಗಿಸಿ ಹೇಳುವುದು ವಾಡಿಕೆಯಾಗಿತ್ತು. ಇಲ್ಲಿ ಭಾಜಕವೇ ಮಾಯ!

ನಮ್ಮ ದೇಹ ಕ್ರಿಯಾಟಿನನ್ನು ಎರಡು ಹೆಜ್ಜೆಗಳಲ್ಲಿ ತಯಾರಿಸುತ್ತದೆ. ಅರ್ಜಿನಿನ್ ಮತ್ತು ಗ್ಲೈಸಿನ್ ಸೇರಿ ಮೊದಲು ಗ್ವಾನಿಡಿನೊ ಅಸಿಟೇಟ್ ಆಗುತ್ತದೆ, ಅದು ಆಮೇಲೆ ಕ್ರಿಯಾಟಿನ್ ಆಗುತ್ತದೆ. ವೈದ್ಯರು ಮೊದಲು ಅರ್ಜಿನಿನ್ ಕೊಟ್ಟು ನೋಡಿದರು. ಮೆದುಳಿನಲ್ಲಿ ನಡುವಿನ ವಸ್ತು ಹೆಚ್ಚಿತು, ಕ್ರಿಯಾಟಿನ್ ಏರಲಿಲ್ಲ. ಅಂದರೆ ಕೆಟ್ಟಿರುವುದು ಎರಡನೆಯ ಹೆಜ್ಜೆ. ಆಗ ಕ್ರಿಯಾಟಿನನ್ನೇ ಬಾಯಿಯ ಮೂಲಕ ದಿನಕ್ಕೆ 4 ಗ್ರಾಂನಂತೆ ಕೊಟ್ಟರು. ಅದೇನೂ ಅಪರೂಪದ ಔಷಧವಲ್ಲ. ವ್ಯಾಯಾಮಶಾಲೆಯ ಹುಡುಗರು ಡಬ್ಬಿಗಟ್ಟಲೆ ಕೊಳ್ಳುವ ಬಿಳಿಯ ಪುಡಿ. ವಾರ, ತಿಂಗಳುಗಳು ಕಳೆದಂತೆ ಗೆರೆಯಲ್ಲಿ ಆ ಶಿಖರ ಮೆಲ್ಲಮೆಲ್ಲನೆ ತಲೆಯೆತ್ತಿತು. ಎಂಆರ್‌ಐ ಚಿತ್ರದಲ್ಲಿದ್ದ ದೋಷ ಮಾಯವಾಯಿತು. ಮಗುವಿನ ಸ್ಥಿತಿ ಗಣನೀಯವಾಗಿ ಸುಧಾರಿಸಿತು. ಅದುವರೆಗೆ ವೈದ್ಯಶಾಸ್ತ್ರದ ಯಾವ ಪುಸ್ತಕದಲ್ಲೂ ಇಲ್ಲದಿದ್ದ ಒಂದು ಆನುವಂಶಿಕ ಕಾಯಿಲೆ ಹೀಗೆ ಒಂದು ಖಾಲಿ ಜಾಗದಿಂದ ಪತ್ತೆಯಾಯಿತು.

ಇಂದು ಈ ಕಾಯಿಲೆಯನ್ನು ಗುರುತಿಸಲು ದೊಡ್ಡ ಕಾಂತವೇ ಬೇಕೆಂದಿಲ್ಲ. ಶಿಶುವಿನ ಹಿಮ್ಮಡಿಯಿಂದ ಕಾಗದದ ಮೇಲೆ ಹಿಡಿದ ಒಂದೆರಡು ಹನಿ ರಕ್ತದಲ್ಲಿ ಗ್ವಾನಿಡಿನೊ ಅಸಿಟೇಟ್ ಹೆಚ್ಚಿದೆಯೇ ಎಂದು ನೋಡಿದರೆ ಸಾಕು. ಹುಟ್ಟಿದ ಶಿಶುಗಳಿಗೆಲ್ಲ ಮಾಡಬೇಕಾದ ಪರೀಕ್ಷೆಗಳ ಪಟ್ಟಿಗೆ ಅಮೆರಿಕ 2023ರಲ್ಲಿ ಇದನ್ನೂ ಸೇರಿಸಿತು. ಮೊದಲ ವಾರಗಳಲ್ಲೇ ಕ್ರಿಯಾಟಿನ್ ಕೊಡಲು ಆರಂಭಿಸಿದ ಮಕ್ಕಳಲ್ಲಿ ಕೆಲವರು ಉಳಿದ ಮಕ್ಕಳಂತೆಯೇ ನಡೆಯಲು, ಮಾತನಾಡಲು ಕಲಿತ ವರದಿಗಳಿವೆ.